ಅಪ್ಪನ ಕಾಲಿಗೆ ರಕ್ತ ಹೋಗ್ತಿಲ್ಲ, ಮೊಣಕಾಲ ಕೆಳಗೆ ತೆಗೆಯಬೇಕು ಅಂತಿದ್ದಾರೆ. ಬಲೂನ್, ಬೈಪಾಸ್ ಮಾಡಿಸಿದವರ ಕಾಲು ಉಳಿದಿದೆಯಾ?

ಹೇಮಾವತಿ_ತೀರ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 66 ವರ್ಷ, ನಾವು ಹಾಸನದ ಕಡೆಯವರು. ಶುಗರ್ ಬಂದು ಬಹಳ ವರ್ಷ ಆಯಿತು, ಬೀಡಿ ಅಭ್ಯಾಸವೂ ಇದೆ. ದೀಪಾವಳಿ ಹೊತ್ತಿಗೆ ಬಲಗಾಲಿನ ಕಿರುಬೆರಳಿಗೆ ಚಪ್ಪಲಿ ಉಜ್ಜಿ ಗಾಯವಾಗಿತ್ತು. ವಾಸಿಯಾಗಲೇ ಇಲ್ಲ. ಈಗ ಆ ಬೆರಳು, ಪಕ್ಕದ ಬೆರಳು ಎರಡೂ ಕಪ್ಪಾಗಿವೆ. ರಾತ್ರಿ ಮಲಗಿದರೆ ಪಾದದಲ್ಲಿ ತಡೆಯಲಾಗದ ಉರಿ. ಮಂಚದಿಂದ ಕಾಲು ಇಳಿಬಿಟ್ಟು ಕೂತೇ ಬೆಳಗು ಮಾಡ್ತಾರೆ.

ಇಲ್ಲಿನ ಸರ್ಜನ್ ಮೊಣಕಾಲ ಕೆಳಗೆ ತೆಗೆಸಿಬಿಡಿ, ತಡ ಮಾಡಿದರೆ ಮೇಲಕ್ಕೆ ಏರುತ್ತೆ ಅಂದರು. ಬೆಂಗಳೂರಲ್ಲಿರುವ ಚಿಕ್ಕಪ್ಪ ಬಲೂನ್ ಹಾಕಿ ರಕ್ತನಾಳ ಬಿಡಿಸ್ತಾರಂತೆ, ಕರ್ಕೊಂಡು ಬಾ ಅಂತಾರೆ. ಊರಲ್ಲಿ ಕೆಲವರು ಅದಕ್ಕೆ ದುಡ್ಡು ಸುರಿದರೂ ಆರು ತಿಂಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತೆ ಅಂತಾರೆ. ಮನೆಯಲ್ಲಿ ಯಾರಿಗಾದರೂ ಮಾಡಿಸಿದವರು ಇದ್ದರೆ ಹೇಳಿ. ಕಾಲು ನಿಜವಾಗಿ ಉಳಿಯುತ್ತಾ? ಎಷ್ಟು ದಿನ?

ವಾರ್ಡ್_ಅಕ್ಕ
ಮೊದಲು ಮೂರು ವಿಷಯ ಹೇಳಿ. ಜ್ವರ ಇದೆಯಾ? ಕಪ್ಪಾದ ಜಾಗ ಒಣಗಿದೆಯಾ, ಇಲ್ಲ ಒದ್ದೆಯಾಗಿ ಕೀವು, ವಾಸನೆ ಬರ್ತಿದೆಯಾ? ಕಾಲಿನ ರಕ್ತ ಓಡಾಟದ ಪರೀಕ್ಷೆ, ಅಂದರೆ ಡಾಪ್ಲರ್, ಯಾರಾದರೂ ಮಾಡಿದ್ದಾರಾ?

ನಾನು ರಕ್ತನಾಳದ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಗ್ಯಾಂಗ್ರೀನ್ ಅಂದರೆ ರಕ್ತ ಸಿಗದೆ ಮಾಂಸ ಸತ್ತು ಕಪ್ಪಾಗೋದು. ಒಣಗಿದ ಗ್ಯಾಂಗ್ರೀನ್ ಆದರೆ ಕೆಲವು ದಿನ ಸಮಯ ಸಿಗುತ್ತೆ, ಬೆಂಗಳೂರಿಗೆ ಹೋಗಿ ತೋರಿಸಬಹುದು. ಒದ್ದೆ ಗ್ಯಾಂಗ್ರೀನ್, ಜ್ವರ, ಚಳಿ, ಪಾದದ ಮೇಲೆಲ್ಲ ಕೆಂಪು ಹರಡುತ್ತಿದೆ ಅಂದರೆ ಇಲ್ಲಿ ಉತ್ತರ ಕಾಯುತ್ತಾ ಕೂರಬೇಡಿ. ಈಗಲೇ ಹತ್ತಿರದ ದೊಡ್ಡಾಸ್ಪತ್ರೆಗೆ ಹೊರಡಿ.

ಹೇಮಾವತಿ_ತೀರ
ಜ್ವರ ಇಲ್ಲ ಅಕ್ಕ. ಬೆರಳು ಒಣಗಿದೆ, ಕೀವು ಇಲ್ಲ. ಡಾಪ್ಲರ್ ಮಾಡಿಲ್ಲ. ಕಾಲಿಗೆ ಬಿಪಿ ಪಟ್ಟಿ ಕಟ್ಟಿ ಏನೋ ನೋಡಿದರು. 1.4 ಬಂತು, ರಕ್ತ ಚೆನ್ನಾಗೇ ಇದೆ, ಇದು ಶುಗರ್ ಗಾಯ ಅಂದರು.

ಪೇಟೆ_ಮಂಜ
ಕಾಲಿನ ನರ ಬ್ಲಾಕ್ ಆಗಿರುತ್ತೆ ಅಷ್ಟೇ. ನಮ್ಮ ಅತ್ತೆಗೂ ಹೀಗೇ ಆಗಿತ್ತು. ಮೆಡಿಕಲ್ ಸ್ಟೋರಿನಲ್ಲಿ ಬಿಗಿ ಸಾಕ್ಸ್ ಸಿಗುತ್ತೆ. ಅದನ್ನು ಹಾಕಿ ದಿಂಬಿನ ಮೇಲೆ ಕಾಲು ಎತ್ತಿಟ್ಟು ಮಲಗಿಸಿ. ಅತ್ತೆಗೆ ಒಂದೇ ವಾರದಲ್ಲಿ ಕಡಿಮೆ ಆಯಿತು.

ವಾರ್ಡ್_ಅಕ್ಕ
ದಯವಿಟ್ಟು ಬೇಡ! ಮಂಜಣ್ಣ, ನಿಮ್ಮ ಅತ್ತೆಗೆ ಇದ್ದದ್ದು ವೆರಿಕೋಸ್ ವೇನ್ ಇರಬೇಕು. ವೇನ್ ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ. ಅಲ್ಲಿ ರಕ್ತ ಕಾಲಿಂದ ಮೇಲಕ್ಕೆ ಸರಿಯಾಗಿ ವಾಪಸ್ ಹೋಗಲ್ಲ. ಇವರ ಅಪ್ಪನಿಗೆ ರಕ್ತ ಕೆಳಗೆ ಇಳಿಯುತ್ತಲೇ ಇಲ್ಲ. ಎರಡಕ್ಕೂ ಚಿಕಿತ್ಸೆ ಪೂರ್ತಿ ಉಲ್ಟಾ. ರಕ್ತ ಬರದ ಕಾಲಿಗೆ ಬಿಗಿ ಸಾಕ್ಸ್ ಹಾಕಿದರೆ ಇರೋ ಚೂರು ರಕ್ತವೂ ನಿಲ್ಲುತ್ತೆ, ಒಂದೇ ರಾತ್ರಿಯಲ್ಲಿ ಚರ್ಮ ಸಾಯಬಹುದು. ಕಾಲು ಎತ್ತಿಟ್ಟರೂ ಅಷ್ಟೇ. ಅವರು ಕಾಲು ಇಳಿಬಿಟ್ಟು ಕೂರ್ತಾರೆ ಅಂದರಲ್ಲ, ಹಾಗೆ ಬಿಟ್ಟಾಗ ರಕ್ತ ಸ್ವಲ್ಪ ಇಳಿಯುತ್ತೆ, ಅದಕ್ಕೇ ಉರಿ ಕಡಿಮೆಯಾಗೋದು. ಆರ್ಟರಿ, ಅಂದರೆ ಹೃದಯದಿಂದ ರಕ್ತ ತರುವ ನಾಳ, ಅದರ ಕಾಯಿಲೆಯ ದೊಡ್ಡ ಗುರುತೇ ಇದು.

ಪೇಟೆ_ಮಂಜ
ಸರಿ ಅಕ್ಕ, ಎರಡೂ ಬೇರೆ ಅಂತ ಗೊತ್ತಿರಲಿಲ್ಲ. ಮೇಡಂ, ನಾನು ಹೇಳಿದ್ದನ್ನು ಬಿಟ್ಟುಬಿಡಿ.

ಕತ್ತರಿ_ಡಾಕ್ಟ್ರು
ನಾನು ವ್ಯಾಸ್ಕುಲರ್ ಸರ್ಜರಿ, ಅಂದರೆ ರಕ್ತನಾಳದ ಆಪರೇಶನ್, ಕಲಿಯುತ್ತಿರುವವನು. ಮೇಡಂ, ಆ 1.4 ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಆ ಪರೀಕ್ಷೆಯಲ್ಲಿ ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆ ಅಂತ ಅರ್ಥ. ಆದರೆ ಬಹಳ ವರ್ಷದ ಶುಗರ್ ಇದ್ದವರ ರಕ್ತನಾಳದ ಗೋಡೆಯಲ್ಲಿ ಸುಣ್ಣದ ಅಂಶ ಕೂತು ಗಟ್ಟಿಯಾಗಿರುತ್ತೆ. ಪಟ್ಟಿ ಎಷ್ಟು ಬಿಗಿದರೂ ಆ ನಾಳ ಅಮುಕುವುದಿಲ್ಲ. ಅದಕ್ಕೇ ಸಂಖ್ಯೆ ಸುಳ್ಳಾಗಿ ಜಾಸ್ತಿ ತೋರಿಸುತ್ತೆ. ಇಂಥವರಿಗೆ ಕಾಲಿನ ಹೆಬ್ಬೆರಳಿನ ಬಿಪಿ ನೋಡಬೇಕು. ಬೆರಳಿನ ಸಣ್ಣ ನಾಳಗಳು ಅಷ್ಟು ಗಟ್ಟಿಯಾಗಿರುವುದಿಲ್ಲ. ಅಲ್ಲಿ 30ಕ್ಕಿಂತ ಕೆಳಗೆ ಇದ್ದರೆ ರಕ್ತ ತುಂಬಾ ಕಡಿಮೆ ಅಂತ, ಗಾಯ ತಾನಾಗಿ ವಾಸಿಯಾಗುವುದು ಕಷ್ಟ.

ರಾತ್ರಿ ನೋವು, ಕಪ್ಪು ಬೆರಳು, ವಾಸಿಯಾಗದ ಗಾಯ. ಇಷ್ಟು ಇರುವ ಕಾಲನ್ನು ರಕ್ತನಾಳದ ಚಿತ್ರ ನೋಡದೆ ತೆಗೆಯೋಣ ಅನ್ನುವುದು ಸರಿಯಲ್ಲ. ಒಬ್ಬ ವ್ಯಾಸ್ಕುಲರ್ ಸರ್ಜನ್ ನೋಡಲೇಬೇಕು.

ಮಂಡ್ಯ_ಗದ್ದೆ
ನಮ್ಮ ಮಾವನಿಗೆ ಇದೇ ಆಗಿದ್ದು. ಮೊದಲು ಒಂದು ಬೆರಳು ತೆಗೆದರು, ಆ ಗಾಯ ಕೂಡಲಿಲ್ಲ. ಇನ್ನೆರಡು ತೆಗೆದರು, ಅದೂ ಕೂಡಲಿಲ್ಲ. ಅರ್ಧ ಪಾದ ಹೋದಮೇಲೆ ಯಾರೋ ರಕ್ತ ಓಡಾಟ ನೋಡಿದ್ರಾ ಅಂತ ಕೇಳಿದರು! ಅಲ್ಲಿವರೆಗೂ ಆಂಟಿಬಯಾಟಿಕ್, ದಿನಾ ಡ್ರೆಸಿಂಗ್. ನಾಲೆಗೆ ನೀರು ಬಿಡದೆ ಗದ್ದೆಗೆ ಗೊಬ್ಬರ ಹಾಕಿದ ಹಾಗೆ ಆಯಿತು. ಆಮೇಲೆ ತೊಡೆಯಲ್ಲಿ ಬಲೂನ್ ಹಾಕಿ ಬಿಡಿಸಿದರು. ಉಳಿದ ಗಾಯ ನಿಧಾನಕ್ಕೆ ಕೂಡಿಕೊಂಡಿತು. ಈಗ ಹಿಮ್ಮಡಿ ಮೇಲೆ ಊರಿ ನಡೀತಾರೆ, ಗದ್ದೆ ಬದುವಿನವರೆಗೂ ಹೋಗ್ತಾರೆ. ಮೊದಲೇ ಮಾಡಿದ್ದರೆ ಒಂದು ಬೆರಳಿನಲ್ಲಿ ಮುಗಿಯುತ್ತಿತ್ತು ಅನ್ನೋ ಸಿಟ್ಟು ನನಗೆ ಇನ್ನೂ ಇದೆ.

ಕತ್ತರಿ_ಡಾಕ್ಟ್ರು
ಇದನ್ನೇ ಎಲ್ಲರೂ ತಿಳಿದುಕೊಳ್ಳಬೇಕು. ಮೊದಲು ರಕ್ತ, ಆಮೇಲೆ ಕತ್ತರಿ. ಕೀವು ತುಂಬಿದ್ದರೆ ಅದನ್ನು ತಕ್ಷಣ ತೆರೆಯಬೇಕು, ಅದೊಂದು ಬೇರೆ. ಒಣ ಬೆರಳನ್ನು ಮಾತ್ರ ರಕ್ತ ತಂದಮೇಲೇ ಮುಟ್ಟಬೇಕು.

ಬೆಳಗಾವಿ_ಬಸ್ಸು
ಬಲೂನ್ ಬಗ್ಗೆ ಇಷ್ಟು ಹೊಗಳುತ್ತಿದ್ದೀರಿ. ನಮ್ಮ ಕಾಕಾನಿಗೆ ಹಾಕಿಸಿದ್ವಿ. ಎಂಟೇ ತಿಂಗಳಿಗೆ ಸ್ಕ್ಯಾನ್ ಮಾಡಿದರೆ ಮತ್ತೆ ಬಂದ್. ಎರಡು ಲಕ್ಷದ ಹತ್ತಿರ ಖರ್ಚಾಗಿತ್ತು, ಎಮ್ಮೆ ಮಾರಿದ್ದೂ ಅದರಲ್ಲೇ ಹೋಯಿತು. ಊರಿನವರು ಹೇಳೋದರಲ್ಲಿ ಸತ್ಯ ಇದೆ ರೀ.

ವಾರ್ಡ್_ಅಕ್ಕ
ಕಾಕಾನ ಕಾಲು ಹೇಗಿದೆ ಈಗ?

ಬೆಳಗಾವಿ_ಬಸ್ಸು
ಕಾಲು ಇದೆ. ಗಾಯ ಮಾದಿದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿಯುತ್ತೆ, ನಿಂತು ಮುಂದೆ ಹೋಗ್ತಾನೆ.

ವಾರ್ಡ್_ಅಕ್ಕ
ಹಾಗಾದರೆ ಅದು ಸೋತ ಚಿಕಿತ್ಸೆ ಅಲ್ಲ ಅಣ್ಣ. ಗಾಯ ಕೂಡಬೇಕಾದರೆ ಕಾಲಿಗೆ ತುಂಬಾ ರಕ್ತ ಬೇಕು. ಕೂಡಿದ ಚರ್ಮ ಹಾಗೇ ಇರಲು ಅಷ್ಟು ಬೇಕಿಲ್ಲ. ಎಷ್ಟೋ ಜನರಿಗೆ ನಾಳ ಮತ್ತೆ ಮುಚ್ಚಿರುತ್ತೆ, ಆದರೆ ಅಷ್ಟರಲ್ಲಿ ಗಾಯ ವಾಸಿಯಾಗಿರುತ್ತೆ, ಕಾಲು ಉಳಿದಿರುತ್ತೆ. ನಾಳ ತೆರೆದಿದೆಯಾ ಅನ್ನೋದು ಒಂದು ಪ್ರಶ್ನೆ, ಕಾಲು ಇದೆಯಾ ಅನ್ನೋದು ಇನ್ನೊಂದು. ಎಮ್ಮೆ ಮಾರಿದ ದುಃಖ ನನಗೆ ಅರ್ಥವಾಗುತ್ತೆ. ಆದರೂ ಆ ದುಡ್ಡು ಕಾಕಾನ ಕಾಲನ್ನು ಉಳಿಸಿದೆ.

ಬೆಳಗಾವಿ_ಬಸ್ಸು
ಇದನ್ನು ಅಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ ನೋಡ್ರಿ. ಬಂದ್ ಆಗಿದೆ ಅಂದರು, ನಾವು ಎಲ್ಲ ಹೋಯಿತು ಅಂದುಕೊಂಡು ಮನೆಗೆ ಬಂದ್ವಿ. ಮತ್ತೆ ಗಾಯ ಆದರೆ?

ವಾರ್ಡ್_ಅಕ್ಕ
ಆಗ ಮತ್ತೆ ರಕ್ತ ಬೇಕಾಗುತ್ತೆ. ಅದಕ್ಕೇ ಗಾಯ ಆಗದ ಹಾಗೆ ಕಾಯಬೇಕು. ದಿನಾ ಸಂಜೆ ಪಾದ ತಿರುಗಿಸಿ ನೋಡಿ.

ಮೈಸೂರು_ಮಲ್ಲಿಗೆ
ಬಲೂನ್ ಒಳ್ಳೇದಾ, ಬೈಪಾಸ್ ಒಳ್ಳೇದಾ? ಯಾರಾದರೂ ಲೆಕ್ಕ ಸಮೇತ ಹೇಳಿ. ಡಾಕ್ಟರುಗಳೂ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಕತ್ತರಿ_ಡಾಕ್ಟ್ರು
ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣ ಇದೆ. ಎರಡು ದೊಡ್ಡ ಅಧ್ಯಯನಗಳು ಎರಡು ಉತ್ತರ ಕೊಟ್ಟಿವೆ. ಬೈಪಾಸ್ ಅಂದರೆ ಮುಚ್ಚಿದ ಜಾಗವನ್ನು ಬಳಸಿಕೊಂಡು ಹೋಗುವ ಹೊಸ ದಾರಿ ಹೊಲಿಯುವುದು. ಅದಕ್ಕೆ ರೋಗಿಯದೇ ವೇನ್ ಸಿಕ್ಕರೆ ಒಳ್ಳೆಯದು.

2022ರಲ್ಲಿ ಬಂದದ್ದು ಬೆಸ್ಟ್-ಸಿಎಲ್‌ಐ. ಅಮೆರಿಕ, ಕೆನಡಾ, ಇಟಲಿ, ಫಿನ್‌ಲೆಂಡ್, ನ್ಯೂಜಿಲೆಂಡ್ ಸೇರಿ 1,830 ರೋಗಿಗಳು. ಕಾಲಿನ ಒಳಬದಿಯ ಉದ್ದನೆಯ ವೇನ್ ಚೆನ್ನಾಗಿದ್ದವರ ಗುಂಪಿನಲ್ಲಿ ಬೈಪಾಸ್ ಗೆದ್ದಿತು. ಸಾವು, ಕಾಲು ಕಳೆದುಕೊಳ್ಳುವುದು, ಅದೇ ಕಾಲಿಗೆ ಮತ್ತೆ ದೊಡ್ಡ ಆಪರೇಶನ್, ಈ ಮೂರರಲ್ಲಿ ಯಾವುದಾದರೂ ಒಂದು ಆದವರು ಬೈಪಾಸ್ ಕಡೆ 42.6%, ಬಲೂನ್-ಸ್ಟೆಂಟ್ (ಸ್ಟೆಂಟ್ ಅಂದರೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಕಡೆ 57.4%. ಒಳ್ಳೆಯ ವೇನ್ ಇಲ್ಲದವರ ಗುಂಪಿನಲ್ಲಿ ಎರಡಕ್ಕೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

2023ರಲ್ಲಿ ಬಂದದ್ದು ಬೇಸಿಲ್-2. ಹೆಚ್ಚಿನವರು ಬ್ರಿಟನ್ನಿನ ರೋಗಿಗಳು, ಒಟ್ಟು 345 ಜನ. ಎಲ್ಲರಿಗೂ ಮೊಣಕಾಲ ಕೆಳಗಿನ ಸಣ್ಣ ನಾಳಗಳ ತೊಂದರೆ. ಅಲ್ಲಿ ಉಲ್ಟಾ ಆಯಿತು. ಕಾಲು ಕಳೆದುಕೊಂಡವರು ಅಥವಾ ತೀರಿಕೊಂಡವರು ಬೈಪಾಸ್ ಕಡೆ 63%, ಬಲೂನ್ ಕಡೆ 53%. ಆ ವ್ಯತ್ಯಾಸ ಮುಖ್ಯವಾಗಿ ಬಂದದ್ದು ಬಲೂನ್ ಕಡೆ ಸಾವು ಕಡಿಮೆ ಇದ್ದದ್ದರಿಂದ.

ನಾನು ಇದನ್ನು ಹೀಗೆ ಓದುತ್ತೇನೆ. ರೋಗಿ ಗಟ್ಟಿಯಾಗಿದ್ದಾರೆ, ಹೃದಯ ಪರವಾಗಿಲ್ಲ, ವೇನ್ ಚೆನ್ನಾಗಿದೆ, ಅಡಚಣೆ ಉದ್ದವಾಗಿದೆ: ಬೈಪಾಸ್ ಯೋಚಿಸಬೇಕು. ವಯಸ್ಸಾಗಿದೆ, ಹೃದಯ, ಕಿಡ್ನಿ ಸೋತಿದೆ: ಬಲೂನ್ ಮೊದಲು. ಯಾವುದಕ್ಕೂ ಮೊದಲು ವೇನ್ ಸ್ಕ್ಯಾನ್ ಮಾಡಿಸಬೇಕು. ಎಷ್ಟೋ ಕಡೆ ಆ ಸ್ಕ್ಯಾನ್ ಮಾಡದೆಯೇ ಬಲೂನ್ ಅಂತ ತೀರ್ಮಾನ ಮಾಡಿಬಿಡ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ.

ತುಂಗಾ_ತಟ
ನೂರಕ್ಕೆ ಅರವತ್ತು ಜನ ಕಾಲು ಅಥವಾ ಜೀವ ಕಳೆದುಕೊಳ್ತಾರಾ? ಇಷ್ಟು ಭಯಂಕರ ಕಾಯಿಲೆಯಾ ಇದು? ನಾನು ಸುಮ್ನೆ ಕಾಲು ನೋವು ಅಂದುಕೊಂಡಿದ್ದೆ.

ಕತ್ತರಿ_ಡಾಕ್ಟ್ರು
ಬೇಸಿಲ್-2ರಲ್ಲಿ ರೋಗಿಗಳನ್ನು ಕೆಲವು ವರ್ಷ ಹಿಂಬಾಲಿಸಿ ಬಂದ ಲೆಕ್ಕ ಅದು, ಒಂದೆರಡು ತಿಂಗಳದ್ದಲ್ಲ. ಆದರೂ ಹೌದು, ಭಯಂಕರವೇ. ಏನೂ ಚಿಕಿತ್ಸೆ ಸಿಗದಿದ್ದರೆ ಒಂದು ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಕಾಲು ಕಳೆದುಕೊಳ್ತಾರೆ, ಸುಮಾರು ಅಷ್ಟೇ ಜನ ತೀರಿಕೊಳ್ತಾರೆ ಅಂತ ಹಳೆಯ ಅಂದಾಜು. ಇವರ ಜೀವ ತೆಗೆಯುವುದು ಹೆಚ್ಚಾಗಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್. ಕಾಲಿನ ನಾಳ ಹಾಳಾಗಿದ್ದರೆ ಎಷ್ಟೋ ಸಲ ಹೃದಯದ ನಾಳವೂ ಹಾಳಾಗಿರುತ್ತೆ. ಅದಕ್ಕೇ ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆ, ಆಸ್ಪಿರಿನ್ ಇವನ್ನು ಬಲೂನ್ ಆಯ್ತಲ್ಲ ಅಂತ ಬಿಡಬಾರದು.

ರಕ್ತ ತೆಳುವಾಗಿಸುವ ರಿವರಾಕ್ಸಬಾನ್ ಅನ್ನುವ ಮಾತ್ರೆಯನ್ನು 2.5 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಆಸ್ಪಿರಿನ್ ಜೊತೆ ಕೊಟ್ಟು ನೋಡಿದ ವಾಯೇಜರ್ ಅಧ್ಯಯನ 2020ರಲ್ಲಿ ಬಂತು. ಕಾಲಿನ ನಾಳ ಬಿಡಿಸಿಕೊಂಡ 6,564 ಜನ. ಕಾಲು, ಹೃದಯ, ಮೆದುಳಿನ ದೊಡ್ಡ ತೊಂದರೆಗಳು 19.9%ನಿಂದ 17.3%ಗೆ ಇಳಿದವು. ರಕ್ತಸ್ರಾವದ ಅಪಾಯ ಸ್ವಲ್ಪ ಜಾಸ್ತಿ. ಹಾಗಾಗಿ ಡಾಕ್ಟರ್ ನೋಡಿಯೇ ಕೊಡಬೇಕು, ಅಂಗಡಿಯಿಂದ ತಂದು ನುಂಗುವಂಥದ್ದಲ್ಲ.

ಕರಾವಳಿ_ಗಾಳಿ
ಈ ಅಧ್ಯಯನಗಳೆಲ್ಲ ಹೊರದೇಶದ್ದು ಮಾರಾಯ್ರೇ. ನಮ್ಮವರು ಆಸ್ಪತ್ರೆಗೆ ಬರುವುದೇ ಪಾದ ಅರ್ಧ ಕೊಳೆತ ಮೇಲೆ. ಮನೆಮದ್ದು, ಎಣ್ಣೆ, ಪಟ್ಟು ಎಲ್ಲ ಮುಗಿಸಿ ಬರ್ತಾರೆ. ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುತ್ತದಾ?

ಕತ್ತರಿ_ಡಾಕ್ಟ್ರು
ಪೂರ್ತಿ ಹೊಂದುವುದಿಲ್ಲ, ಒಪ್ಪುತ್ತೇನೆ. ನಮ್ಮಲ್ಲಿ ಶುಗರ್ ಇರುವವರೇ ಜಾಸ್ತಿ. ಮೊಣಕಾಲ ಕೆಳಗಿನ ನಾಳಗಳು ಹಾಳಾಗಿರುತ್ತವೆ, ಜೊತೆಗೆ ಸೋಂಕು ಇರುತ್ತೆ. ಆ ಸಣ್ಣ ನಾಳಗಳಿಗೆ ಬರೀ ಬಲೂನ್ ಹಾಕಿದರೆ ಕೆಲವೇ ತಿಂಗಳಲ್ಲಿ ಅರ್ಧಕ್ಕೂ ಹೆಚ್ಚು ಮತ್ತೆ ಕಿರಿದಾಗುತ್ತವೆ. ಔಷಧಿ ಬಿಡುತ್ತಾ ತಾನೇ ಕರಗುವ ಸ್ಟೆಂಟ್ ಒಂದನ್ನು ಅಲ್ಲಿ ಪ್ರಯತ್ನಿಸಿದ ಫಲಿತಾಂಶ 2023ರಲ್ಲಿ ಬಂತು. ಒಂದು ವರ್ಷದಲ್ಲಿ ಬರೀ ಬಲೂನಿಗಿಂತ ಚೆನ್ನಾಗಿತ್ತು. ಆದರೆ ಆ ಅಧ್ಯಯನದಲ್ಲಿ ಪಾದ ಕೊಳೆತು ಬಂದ ರೋಗಿಗಳನ್ನು ಸೇರಿಸಿಕೊಂಡಿರಲಿಲ್ಲ. ನಿಮ್ಮ ಮಾತಿಗೆ ಅಲ್ಲೂ ಬೆಲೆ ಇದೆ.

ಬೀಡಿ_ಬಿಟ್ಟವ
ನನ್ನ ಕಥೆ ಬೇರೆ ತರಹ. ನನಗೆ ಶುಗರ್ ಇಲ್ಲ, ಕೊಲೆಸ್ಟ್ರಾಲ್ ಇಲ್ಲ. ಮೂವತ್ತೈದು ದಾಟಿರಲಿಲ್ಲ, ಕಾಲ್ಬೆರಳ ತುದಿ ನೀಲಿಯಾಯಿತು. ಬರ್ಗರ್ ಕಾಯಿಲೆ ಅಂದರು. ಬೀಡಿ, ಸಿಗರೇಟ್ ಸೇದುವ ಚಿಕ್ಕ ವಯಸ್ಸಿನವರಿಗೆ ಬರುವಂಥದ್ದು. ಕೈಕಾಲಿನ ಸಣ್ಣ ನಾಳಗಳು ಉರಿಯೂತ ಬಂದು ಒಳಗೇ ರಕ್ತ ಗಟ್ಟಿಯಾಗಿ ಮುಚ್ಚಿಕೊಳ್ತವೆ. ಬೈಪಾಸ್ ಮಾಡೋಣ ಅಂದರೆ ಕೆಳಗೆ ಹೊಲಿಗೆ ಹಾಕಲು ನಾಳವೇ ಇರಲ್ಲ.

ಬೆನ್ನಿನ ಹತ್ತಿರದ ನರ ಕತ್ತರಿಸುವ ಆಪರೇಶನ್ ಮಾಡಿದರು. ನೋವು ಸ್ವಲ್ಪ ಇಳಿಯಿತು. ಆದರೆ ಕಾಲು ಉಳಿಸಿದ್ದು ಬೀಡಿ ಬಿಟ್ಟಿದ್ದು. ಡಾಕ್ಟರ್ ನೇರವಾಗಿ ಹೇಳಿದರು, ಬೀಡಿ ಬೇಕಾ, ಕಾಲು ಬೇಕಾ ಅಂತ. ದಿನಕ್ಕೆ ಒಂದೇ ಸೇದ್ತೀನಿ ಅಂದರೂ ಕೇಳಲಿಲ್ಲ. ಒಂದೂ ಕೂಡದು, ತಂಬಾಕು ಅಗಿಯುವುದೂ ಕೂಡದು ಅಂದರು. ಪಕ್ಕದ ಬೆಡ್ಡಿನಲ್ಲಿದ್ದವನು ನನಗಿಂತ ಚಿಕ್ಕವನು. ಆಸ್ಪತ್ರೆ ಹಿಂದೆ ಹೋಗಿ ಕದ್ದು ಸೇದುತ್ತಿದ್ದ. ಅವನ ಒಂದು ಕಾಲು ಹೋಯಿತು, ಆಮೇಲೆ ಇನ್ನೊಂದರ ಬೆರಳುಗಳು. ಇದನ್ನು ಬರೆಯುವಾಗಲೂ ಸಂಕಟ ಆಗುತ್ತೆ. ಮೇಡಂ, ನಿಮ್ಮ ಅಪ್ಪನ ಬೀಡಿ ಇವತ್ತೇ ಬಿಡಿಸಿ.

ಕತ್ತರಿ_ಡಾಕ್ಟ್ರು
ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಲಿಯೋ ಬರ್ಗರ್ ಈ ಕಾಯಿಲೆಯನ್ನು 1908ರಲ್ಲಿ ವಿವರವಾಗಿ ಬರೆದ. ಇವತ್ತಿಗೂ ಇದಕ್ಕೆ ಖಚಿತವಾದ ಚಿಕಿತ್ಸೆ ತಂಬಾಕು ಬಿಡುವುದೊಂದೇ. ಅಮೆರಿಕದ ಒಂದು ಆಸ್ಪತ್ರೆಯ ರೋಗಿಗಳ ಲೆಕ್ಕ 1990ರಲ್ಲಿ ಬಂದಿತ್ತು. ಪೂರ್ತಿ ಬಿಟ್ಟವರಲ್ಲಿ ಸುಮಾರು 5% ಜನರಿಗೆ ಮಾತ್ರ ಬೆರಳು, ಕಾಲು ತೆಗೆಯಬೇಕಾಯಿತು. ಮುಂದುವರಿಸಿದವರಲ್ಲಿ ಅದು 40%ಕ್ಕೂ ಹೆಚ್ಚು.

ಟೆಕ್ಕಿ_ಟೀ
ಬರ್ಗರ್‌ಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಬಂದಿದೆ ಅಲ್ವಾ? ಬೆಂಗಳೂರಿನದೇ ಕಂಪನಿ. ಅದನ್ನು ಹಾಕಿಸಿದರೆ ಬೈಪಾಸೂ ಬೇಡ, ಬಲೂನೂ ಬೇಡ. ಇವರ ಅಪ್ಪನಿಗೂ ಅದನ್ನೇ ಕೊಡಿಸಬಹುದಲ್ಲ.

ಕತ್ತರಿ_ಡಾಕ್ಟ್ರು
ಸ್ವಲ್ಪ ನಿಲ್ಲಿ. ಸ್ಟೆಂಪ್ಯೂಸೆಲ್ ಅಂತ ಅದರ ಹೆಸರು, ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಮಾಡಿದ್ದು. ಬೇರೆಯವರ ಮೂಳೆಮಜ್ಜೆಯಿಂದ ತೆಗೆದ ಜೀವಕೋಶಗಳನ್ನು ಬೆಳೆಸಿ ಮೀನಖಂಡಕ್ಕೆ ಚುಚ್ಚುತ್ತಾರೆ. ನಮ್ಮ ದೇಶದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟಿದ್ದಾರೆ, ನಮ್ಮವರ ಸಾಧನೆ ಅನ್ನೋದೂ ಹೌದು. ಆದರೆ ಅದು ನಾಳ ಬಿಡಿಸಲು ದಾರಿ ಇಲ್ಲದವರಿಗೆ ಯೋಚಿಸುವಂಥದ್ದು. ಮುಚ್ಚಿದ ದೊಡ್ಡ ನಾಳವನ್ನು ಅದು ತೆರೆಯುವುದಿಲ್ಲ. ಬಲೂನ್, ಬೈಪಾಸ್ ಆಗುವ ಕಾಲನ್ನು ಇಂಜೆಕ್ಷನ್ ನಂಬಿಕೊಂಡು ಕಾಯಿಸಿದರೆ ಕಾಲು ಹೋಗುತ್ತೆ. ಪ್ರಯೋಗದ ಹಂತದ ಸ್ಟೆಮ್ ಸೆಲ್ ಹೆಸರು ಹೇಳಿ ಲಕ್ಷಗಟ್ಟಲೆ ಕೇಳುವ ಕ್ಲಿನಿಕ್ಕುಗಳೂ ಇವೆ. ಕೈ ಮುಗಿದು ಹೇಳ್ತೀನಿ, ಅಂಥವರ ಹತ್ತಿರ ಹೋಗಬೇಡಿ.

ಟೆಕ್ಕಿ_ಟೀ
ಒಪ್ಪಿದೆ ಡಾಕ್ಟ್ರೇ. ಆದರೆ ದಾರಿ ಇಲ್ಲ ಅಂತ ಕೈಬಿಟ್ಟವರಿಗೆ ಏನಾದರೂ ಇರಬೇಕಲ್ಲ?

ಕತ್ತರಿ_ಡಾಕ್ಟ್ರು
ಇನ್ನೊಂದು ಹೊಸದು ಇದೆ. ಪಾದದ ಆರ್ಟರಿಗಳೆಲ್ಲ ಹಾಳಾಗಿದ್ದರೆ ಪಾದದ ವೇನ್ ಮೂಲಕವೇ ರಕ್ತವನ್ನು ಕೆಳಗೆ ಕಳಿಸುವುದು. ಅಮೆರಿಕದಲ್ಲಿ 105 ಜನರಿಗೆ ಹೀಗೆ ಮಾಡಿ ನೋಡಿದಾಗ ಆರು ತಿಂಗಳಿಗೆ 66% ಜನ ಕಾಲೂ ಉಳಿದು, ಜೀವಂತವಾಗಿದ್ದರು. ಇವರೆಲ್ಲ ಕಾಲು ತೆಗೆಯುವುದು ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನಿಸಿಕೊಂಡವರು. ಆದರೆ ಎಲ್ಲ ಕಡೆ ಸಿಗುವ ಚಿಕಿತ್ಸೆ ಅಲ್ಲ, ಸುಲಭವೂ ಅಲ್ಲ.

ಅಮ್ಮನ_ಮಗಳು
ಎಲ್ಲರೂ ಕಾಲು ಉಳಿಸುವ ಮಾತೇ ಆಡ್ತಿದ್ದೀರಿ. ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಮ್ಮನಿಗೆ ಬಲೂನ್ ಆಯಿತು. ಮತ್ತೆ ಮುಚ್ಚಿತು. ಮತ್ತೆ ಬಲೂನ್, ಆಮೇಲೆ ಬೆರಳು, ಆಮೇಲೆ ಪಾದದ ಮುಂಭಾಗ. ಒಂದೂವರೆ ವರ್ಷ ಆಸ್ಪತ್ರೆಯಲ್ಲೇ ಜೀವನ. ಊಟ ಸೇರದು, ನಿದ್ದೆ ಇಲ್ಲ, ವಾಸನೆಗೆ ಮೊಮ್ಮಕ್ಕಳು ಹತ್ತಿರ ಬರಲ್ಲ ಅಂತ ಅಳುತ್ತಿದ್ದರು. ಕೊನೆಗೆ ಮೊಣಕಾಲ ಕೆಳಗೆ ತೆಗೆದರು. ಆ ವಾರವೇ ನೋವಿಲ್ಲದೆ ಮಲಗಿದರು. ಕೃತಕ ಕಾಲು ಹಾಕಿಕೊಂಡು ಈಗ ಅಡುಗೆಮನೆಯಲ್ಲಿ ನಿಂತು ಒಗ್ಗರಣೆ ಹಾಕ್ತಾರೆ. ಮೊದಲೇ ಯಾಕೆ ಮಾಡಲಿಲ್ಲ ಅಂತ ಅವರೇ ಕೇಳ್ತಾರೆ. ಕಾಲು ತೆಗೆಯುವುದು ಯಾವಾಗಲೂ ಸೋಲು ಅಲ್ಲ. ಕೆಲವರಿಗೆ ಅದೇ ಚಿಕಿತ್ಸೆ.

ವಾರ್ಡ್_ಅಕ್ಕ
ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್ ತಂಗಿ. ಪಾದ ಪೂರ್ತಿ ಹೋಗಿದ್ದರೆ, ಹಿಮ್ಮಡಿವರೆಗೂ ಕೊಳೆತಿದ್ದರೆ, ಮೊದಲಿಂದಲೂ ಹಾಸಿಗೆ ಹಿಡಿದು ನಡೆಯಲಾಗದವರಾಗಿದ್ದರೆ ಪದೇ ಪದೇ ಬಲೂನ್ ಹಾಕಿ ಹಿಂಸೆ ಕೊಡಬಾರದು. ಒಂದೇ ಮಾತು ಸೇರಿಸ್ತೀನಿ. ತೆಗೆಯಲೇಬೇಕು ಅಂದಾಗಲೂ ಮೊಣಕಾಲು ಉಳಿಸಲು ಆಗುತ್ತಾ ಅಂತ ಕೇಳಿ. ಮೊಣಕಾಲು ಇದ್ದರೆ ಕೃತಕ ಕಾಲಿನಲ್ಲಿ ನಡೆಯುವುದು ಎಷ್ಟೋ ಸುಲಭ. ಮೊಣಕಾಲ ಮೇಲೆ ಹೋದರೆ ಒಂದೊಂದು ಹೆಜ್ಜೆಗೂ ಉಸಿರು ಕಟ್ಟುತ್ತೆ, ವಯಸ್ಸಾದವರು ಬಹಳ ಜನ ಗಾಲಿಕುರ್ಚಿಯಲ್ಲೇ ಉಳೀತಾರೆ. ಕೆಲವು ಸಲ ಬಲೂನ್ ಹಾಕುವುದೇ ಅದಕ್ಕೆ, ಮೊಣಕಾಲ ಕೆಳಗಿನ ಗಾಯ ಕೂಡಲಿ ಅಂತ.

ತುಂಗಾ_ತಟ
ಕೃತಕ ಕಾಲು ಎಲ್ಲಿ ಸಿಗುತ್ತೆ? ತುಂಬಾ ದುಬಾರಿನಾ? ನಮ್ಮ ಪಕ್ಕದ ಮನೆಯವರಿಗೆ ಬೇಕಿತ್ತು.

ಅಮ್ಮನ_ಮಗಳು
ಜೈಪುರ ಕಾಲು ಕೇಳಿದ್ದೀರಲ್ಲ? ಜೈಪುರದ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿ 1975ರಿಂದ ಉಚಿತವಾಗಿ ಕೊಡ್ತಿದೆ, ಬೇರೆ ಬೇರೆ ಊರುಗಳಲ್ಲಿ ಶಿಬಿರ ಮಾಡ್ತಾರೆ. ಬರಿಗಾಲಲ್ಲಿ ನಡೆಯಬಹುದು, ಕೆಸರಲ್ಲೂ ಆಗುತ್ತೆ, ಕುಕ್ಕರಗಾಲಲ್ಲಿ ಕೂರಲೂ ಅನುಕೂಲ. ನಮ್ಮಂಥ ಮನೆಗಳಿಗೇ ಮಾಡಿದ್ದು. ಮೊದಲು ಗಾಯ ಪೂರ್ತಿ ಮಾಗಬೇಕು, ಆಮೇಲೆ ಅಳತೆ.

ಇತಿಹಾಸ_ಪ್ರಿಯ
ಸ್ವಲ್ಪ ವಿಷಯಾಂತರ, ಆದರೆ ಇಲ್ಲಿ ಹೇಳಲೇಬೇಕು. ಬಲೂನ್ ಚಿಕಿತ್ಸೆ ಹೃದಯಕ್ಕೆ ಅಂತ ಹುಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಮುಚ್ಚಿದ ನಾಳವನ್ನು ಒಳಗಿಂದ ಹಿಗ್ಗಿಸಿದ್ದು ಮೊದಲು ಕಾಲಿನಲ್ಲಿ! 1964ರ ಜನವರಿ 16, ಅಮೆರಿಕದ ಪೋರ್ಟ್‌ಲ್ಯಾಂಡ್. 82 ವರ್ಷದ ಅಜ್ಜಿ, ಪಾದದಲ್ಲಿ ಗ್ಯಾಂಗ್ರೀನ್. ಕಾಲು ತೆಗೆಸಿಕೊಳ್ಳಲ್ಲ ಅಂತ ಹಟ ಹಿಡಿದು ಕೂತಿದ್ದರು. ಚಾರ್ಲ್ಸ್ ಡಾಟರ್ ಅನ್ನುವ ರೇಡಿಯಾಲಜಿಸ್ಟ್ ತೊಡೆಯ ನಾಳದೊಳಗೆ ಒಂದಕ್ಕಿಂತ ಒಂದು ದಪ್ಪದ ಕೊಳವೆ ತೂರಿಸಿ ದಾರಿ ಅಗಲ ಮಾಡಿದ. ಆಗ ಬಲೂನ್ ಇನ್ನೂ ಬಂದಿರಲಿಲ್ಲ. ಅಜ್ಜಿಯ ಪಾದ ಬೆಚ್ಚಗಾಯಿತು, ಕಾಲು ಉಳಿಯಿತು. ಕೊನೆವರೆಗೂ ತಮ್ಮ ಕಾಲ ಮೇಲೇ ಓಡಾಡಿದರು. ಹೃದಯಕ್ಕೆ ಬಲೂನ್ ಹಾಕಿದ್ದು ಆಮೇಲೆ, 1977ರಲ್ಲಿ. ವೇನ್ ಬಳಸಿ ಕಾಲಿನ ಬೈಪಾಸ್ ಮಾಡಿದ್ದು ಇನ್ನೂ ಹಿಂದೆ, 1948ರಲ್ಲಿ ಪ್ಯಾರಿಸ್ಸಿನಲ್ಲಿ.

ಮೈಸೂರು_ಮಲ್ಲಿಗೆ
ಅಜ್ಜಿಯ ಹಟಕ್ಕೆ ನನ್ನ ನಮಸ್ಕಾರ.

ಕರಾವಳಿ_ಗಾಳಿ
ಔಷಧಿ ಲೇಪಿಸಿದ ಬಲೂನಿನಿಂದ ಜನ ಸಾಯ್ತಾರೆ ಅಂತ ಸುದ್ದಿ ಬಂದಿತ್ತಲ್ಲ? ನಮ್ಮ ಅಣ್ಣ ಅದನ್ನು ಓದಿ ಬೇಡ ಅಂತ ಕೂತಿದ್ದಾರೆ.

ಕತ್ತರಿ_ಡಾಕ್ಟ್ರು
2018ರ ಕೊನೆಯಲ್ಲಿ ಹಾಗೊಂದು ವಿಶ್ಲೇಷಣೆ ಬಂದು ದೊಡ್ಡ ಗಲಾಟೆ ಆಗಿತ್ತು. ಆಮೇಲೆ ಇನ್ನೂ ಹೆಚ್ಚು ರೋಗಿಗಳನ್ನು, ಹೆಚ್ಚು ವರ್ಷ ನೋಡಿದಾಗ ಆ ಭಯಕ್ಕೆ ಆಧಾರ ಸಿಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಜುಲೈನಲ್ಲಿ ಎಚ್ಚರಿಕೆಯನ್ನು ಹಿಂದಕ್ಕೆ ಪಡೆಯಿತು. ಅಣ್ಣನಿಗೆ ಧೈರ್ಯ ಹೇಳಿ.

ಹೇಮಾವತಿ_ತೀರ
ಇಷ್ಟೆಲ್ಲ ಬರೆದಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ. ಖರ್ಚಿನದ್ದೇ ನನ್ನ ಭಯ. ಬಿಪಿಎಲ್ ಕಾರ್ಡ್ ಇದೆ. ಇನ್ನೊಂದು, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಅಪ್ಪನಿಗೆ 2.1ಕ್ಕೆ ಏರಿದೆ. ರಕ್ತನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂಗೆ ಹಾಕುವ ಬಣ್ಣದಿಂದ ಕಿಡ್ನಿ ಹೋಗುತ್ತೆ ಅಂತ ಹೆದರಿಸ್ತಿದ್ದಾರೆ.

ಮಂಡ್ಯ_ಗದ್ದೆ
ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ರೆಫರಲ್ ಬರೆದುಕೊಡ್ತಾರೆ. ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋಗಿ ಸೇರಿಸಿ ಆಮೇಲೆ ಕಾರ್ಡ್ ತೋರಿಸಿದರೆ ನಡೆಯಲ್ಲ. ನಾವು ಹಾಸನ, ಮಂಡ್ಯದವರಿಗೆ ಮೈಸೂರಿನ ಜಯದೇವವೂ ಹತ್ತಿರ. ಅಲ್ಲಿ ಕಾಲಿನ ನಾಳಕ್ಕೆ ಏನೇನು ಮಾಡ್ತಾರೆ ಅಂತ ಮೊದಲೇ ಫೋನ್ ಮಾಡಿ ವಿಚಾರಿಸಿ. ಆಧಾರ್, ರೇಷನ್ ಕಾರ್ಡ್ ಎರಡರ ಒರಿಜಿನಲ್ ಜೊತೆಗಿರಲಿ.

ಕತ್ತರಿ_ಡಾಕ್ಟ್ರು
ಕಿಡ್ನಿ ಬಗ್ಗೆ ಎಚ್ಚರ ಬೇಕು ನಿಜ, ಆದರೆ ಅದಕ್ಕೋಸ್ಕರ ಕಾಲು ಬಿಟ್ಟುಕೊಡಬೇಕಿಲ್ಲ. ಮೊದಲು ಡಾಪ್ಲರ್ ಮಾಡಿದರೆ ಅದಕ್ಕೆ ಬಣ್ಣವೇ ಬೇಡ. ಆಂಜಿಯೋಗ್ರಾಂನಲ್ಲಿ ಬಣ್ಣದ ಬದಲು ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು ಕಾಲಿನ ನಾಳ ನೋಡುವ ವಿಧಾನವೂ ಇದೆ. ಬಣ್ಣವನ್ನು ತೀರಾ ಕಡಿಮೆ ಬಳಸಿದರೂ ಆಗುತ್ತೆ. ಕ್ರಿಯಾಟಿನಿನ್ ವರದಿಯನ್ನು ಮೊದಲ ದಿನವೇ ಅವರ ಕೈಗೆ ಕೊಡಿ.

ಹಳೇ_ವೈದ್ಯರ_ಮೊಮ್ಮಗ
ಜಿಗಣೆ ಬಿಡಿಸಿ ನೋಡಿ. ಕೆಟ್ಟ ರಕ್ತ ಹೋದರೆ ತಾನೇ ಸರಿಹೋಗುತ್ತೆ. ಬಿಸಿ ನೀರಿಗೆ ಉಪ್ಪು ಹಾಕಿ ಕಾಲು ಅದ್ದಿಸಿದರೂ ನೋವು ಇಳಿಯುತ್ತೆ.

ವಾರ್ಡ್_ಅಕ್ಕ
ಅಣ್ಣ, ಈ ಕಾಲಿನಲ್ಲಿ ಕೆಟ್ಟ ರಕ್ತ ಇಲ್ಲ. ರಕ್ತವೇ ಇಲ್ಲ. ಜಿಗಣೆ ಕಚ್ಚಿದ ಗಾಯವೂ ಕೂಡುವುದಿಲ್ಲ. ಬಿಸಿ ನೀರಂತೂ ಬೇಡವೇ ಬೇಡ. ಶುಗರ್‌ನಿಂದ ಸ್ಪರ್ಶ ಹೋದ ಪಾದಕ್ಕೆ ಬಿಸಿ ಎಷ್ಟಿದೆ ಅಂತ ತಿಳಿಯಲ್ಲ, ಸುಟ್ಟು ಬೊಬ್ಬೆ ಬಂದಾಗಲೇ ಗೊತ್ತಾಗೋದು. ಹೀಟಿಂಗ್ ಪ್ಯಾಡ್, ಇಸ್ತ್ರಿ ಕಾವು, ಒಲೆ ಮುಂದೆ ಕಾಲು ಚಾಚಿ ಕೂರೋದು ಯಾವುದೂ ಬೇಡ. ಕಾಲು ತಣ್ಣಗಿದ್ದರೆ ಸಡಿಲವಾದ ಹತ್ತಿ ಸಾಕ್ಸ್ ಹಾಕಿ ಸಾಕು.

ಮೈಸೂರು_ಮಲ್ಲಿಗೆ
ದೇವಸ್ಥಾನದ ಪ್ರದಕ್ಷಿಣೆ ಮಾಡಿ ಕಾಲು ಸುಟ್ಟುಕೊಂಡವರನ್ನು ನೋಡಿದ್ದೇನೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಕಾದಿರುತ್ತೆ. ಶುಗರ್ ಇರುವವರು ಬೆಳಗ್ಗೆಯೇ ಹೋಗಿ ಬನ್ನಿ, ಇಲ್ಲ ಸಾಕ್ಸ್ ಹಾಕಿ.

ಬೀಡಿ_ಬಿಟ್ಟವ
ಚಪ್ಪಲಿ ಬಗ್ಗೆಯೂ ಹೇಳ್ತೀನಿ. ಎಂಸಿಆರ್ ಚಪ್ಪಲಿ ಅಂತ ಕೇಳಿ. ಮೆತ್ತನೆಯ ರಬ್ಬರ್, ಹಿಂದೆ ಪಟ್ಟಿ ಇರುತ್ತೆ. ಬೆರಳ ಸಂದಿಗೆ ಉಂಗುಷ್ಠ ಇರುವ ಚಪ್ಪಲಿ ಬೇಡ.

ಹೇಮಾವತಿ_ತೀರ
ಎಲ್ಲರಿಗೂ ತಿಳಿಸಬೇಕು ಅಂತ ಬರೀತಿದ್ದೀನಿ. ರೆಫರಲ್ ಬರೆಸಿಕೊಂಡು ಹೋದ್ವಿ. ವ್ಯಾಸ್ಕುಲರ್ ಸರ್ಜನ್ ನೋಡಿದರು. ಹೆಬ್ಬೆರಳಿನ ಬಿಪಿ 24 ಮಾತ್ರ. ಡಾಪ್ಲರ್‌ನಲ್ಲಿ ತೊಡೆಯ ನಾಳ ಉದ್ದಕ್ಕೂ ಮುಚ್ಚಿದೆ, ಮೊಣಕಾಲ ಕೆಳಗೆ ಮೂರರಲ್ಲಿ ಒಂದು ನಾಳ ಪಾದದವರೆಗೂ ತೆರೆದಿದೆ. ನಾನು ಕೇಳಿದ ಮೇಲೆ ವೇನ್ ಸ್ಕ್ಯಾನ್ ಮಾಡಿದರು, ವೇನ್ ಚೆನ್ನಾಗಿದೆ ಅಂದರು. ಹೃದಯದ ಎಕೋ ಪರವಾಗಿಲ್ಲ. ಅವರು ಬೈಪಾಸ್ ಕಡೆಗೇ ಒಲವು ತೋರಿಸಿದ್ದಾರೆ. ಬೆರಳು ಎರಡೂ ಹೋಗುತ್ತೆ, ಪಾದ ಉಳಿಸಲು ಪ್ರಯತ್ನ ಮಾಡೋಣ, ಗ್ಯಾರಂಟಿ ಕೊಡಲ್ಲ ಅಂದರು. ಅಪ್ಪ ಬೀಡಿ ಕಟ್ಟನ್ನು ತಾವೇ ಚಿಕ್ಕಪ್ಪನ ಕೈಗೆ ಕೊಟ್ಟರು. ಆಪರೇಶನ್‌ಗೆ ಮುಂಚೆ ನಾನು ಇನ್ನೇನು ಕೇಳಬೇಕು?

ಕತ್ತರಿ_ಡಾಕ್ಟ್ರು
ಒಳ್ಳೆಯ ಕೈಗೆ ಸೇರಿದ್ದೀರಿ. ಹೊಲಿಗೆ ಕೆಳಗೆ ಯಾವ ನಾಳಕ್ಕೆ ಹಾಕ್ತಾರೆ, ಬೆರಳು ಅದೇ ದಿನ ತೆಗೀತಾರಾ ಇಲ್ಲ ಆಮೇಲಾ ಅಂತ ಕೇಳಿ. ಮನೆಗೆ ಬಂದ ಮೇಲೆ ಬೈಪಾಸ್ ಕಿರಿದಾಗ್ತಿದೆಯಾ ಅಂತ ನೋಡಲು ಮೊದಲ ಸ್ಕ್ಯಾನ್ ಯಾವಾಗ ಅನ್ನೋದನ್ನು ಬರೆಸಿಕೊಳ್ಳಿ. ಮುಚ್ಚುವ ಮೊದಲೇ ಕಂಡರೆ ಸಣ್ಣ ಬಲೂನಿನಲ್ಲಿ ಸರಿ ಮಾಡಬಹುದು. ಪೂರ್ತಿ ಮುಚ್ಚಿದ ಮೇಲೆ ಕಷ್ಟ.

ವಾರ್ಡ್_ಅಕ್ಕ
ಆಪರೇಶನ್ ಆದ ಮೇಲೆ ಕಾಲು ಊದಿಕೊಳ್ಳುತ್ತೆ, ಗಾಬರಿ ಬೇಡ, ರಕ್ತ ಬಂದದ್ದರ ಗುರುತೂ ಹೌದು. ಆದರೆ ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ, ಜೋರು ನೋವು ಬಂದರೆ, ಬೆರಳು ಆಡಿಸಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಹೊರಡುವ ಮೊದಲು ವಾರ್ಡಿನ ಫೋನ್ ನಂಬರ್ ಬರೆಸಿಕೊಳ್ಳಿ. ಎಡಗಾಲನ್ನೂ ತೋರಿಸಿ ಬನ್ನಿ, ಅದಕ್ಕೂ ಹೆಬ್ಬೆರಳಿನ ಬಿಪಿ ನೋಡಿಸಿ.

ಬೆಳಗಾವಿ_ಬಸ್ಸು
ಕಾಕಾನ ಇನ್ನೊಂದು ಕಾಲಿಗೂ ನೋಡಿಸ್ತೀನಿ ರೀ. ಸೋಮವಾರ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ.